ಹೆಸರು ಬೇಕು, ಕಣ್ಣು ಬೇಡ

ಒಂದೂರಿನ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿದ್ದ. ಹೌದು, ಇವತ್ತು ಶ್ರೀಮಂತನ ಕಥೆ ಅಲ್ಲ. ಪ್ರತಿ ಸಲ ‘ಒಬ್ಬ ಶ್ರೀಮಂತ ಇದ್ದ’ ಅಂತ ಶುರು ಮಾಡಿ ಮಾಡಿ, ಊರಿನ ಶ್ರೀಮಂತರೆಲ್ಲ ಹಿಂದಿನ ಸಾಲಿಗೆ ಹೋಗಿ ಕೂತಿದ್ದಾರೆ. ಮುಂದಿನ ಸಾಲಿನಲ್ಲಿ ಈಗ ಕಾಲೇಜಿನ ಮೇಷ್ಟ್ರುಗಳು ಕೂತಿದ್ದೀರಿ, ಕೈಕಟ್ಟಿಕೊಂಡು, ಈ ಸ್ವಾಮಿಗಳು ಹೇಳೋದಕ್ಕೂ ನಮಗೂ ಸಂಬಂಧ ಇಲ್ಲ ಅನ್ನೋ ಮುಖ ಮಾಡಿಕೊಂಡು. ಅದಕ್ಕೇ ಇವತ್ತು ಮೇಷ್ಟ್ರ ಕಥೆ. ಶ್ರೀಮಂತರು ಏಳಬೇಡಿ, ಕೊನೆಗೆ ನಿಮ್ಮ ಹತ್ತಿರವೂ ಬರ್ತೀನಿ.

ಆ ಮೇಷ್ಟ್ರ ಹೆಸರು ಕೇಳಬೇಡಿ. ಹೆಸರಿನದೇ ಇವತ್ತಿನ ತಕರಾರು. ಬೆಳಿಗ್ಗೆಯಿಂದ ಹೆಸರು ಅಂದರೆ ನನಗೆ ತಲೆ ಕೆಟ್ಟುಹೋಗಿದೆ. ಯಾಕೆ ಅಂತ ಆಮೇಲೆ ಹೇಳ್ತೀನಿ, ಚನ್ನವೀರಪ್ಪನವರು ಎಲ್ಲಿದ್ದಾರೆ, ಆ ಕಂಬದ ಹಿಂದೆ ಇದ್ದಾರೆ, ಇರಲಿ, ಅಲ್ಲೇ ಇರಿ.

ಮೇಷ್ಟ್ರು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ನೀವು ‘ಅವನು ಕಳ್ಳ, ನಾವು ಅಂಥವರಲ್ಲ’ ಅಂತ ಆರಾಮಾಗಿ ಕೂತುಬಿಡ್ತೀರಿ. ಕಾಳು ತಿನ್ನುವ ಹುಳುಗಳ ವಿಷಯದಲ್ಲಿ ಅವನು ಪಂಡಿತ. ಪಾಠ ತಪ್ಪಿಸಿದವನಲ್ಲ. ಕಾಲೇಜಿನಲ್ಲಿ ತನಗೆ ಕಲಿಸಿದ ಗುರುಗಳು ಅಂದರೆ ಕೂತಲ್ಲಿಂದ ಏಳ್ತಿದ್ದ. ಮನೆಯಲ್ಲಿ ದೇವರ ಜಗಲಿಯ ಪಕ್ಕದಲ್ಲಿ ಗುರುಗಳ ಫೋಟೋ ಹಾಕಿಕೊಂಡಿದ್ದ, ದಿನಾ ಹೂ ಏರಿಸ್ತಿದ್ದ. ಇಂಥವನು ಮಾಡಿದ್ದು ಕೇಳಿ.

ಹಗೇವು ಗೊತ್ತಲ್ಲ ನಿಮಗೆ? ಹಿರಿಯರಿಗೆ ಗೊತ್ತು, ಹುಡುಗರು ತಲೆ ಕೆರೆದುಕೊಳ್ತಿದ್ದಾರೆ. ಮನೆ ಮುಂದೆ ನೆಲ ತೋಡಿ, ಒಳಗೆ ಸುತ್ತಲೂ ಹುಲ್ಲು ಹಾಸಿ, ಜೋಳ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತೋದು. ಒಳಗೆ ಗಾಳಿ ಆಡೋದಿಲ್ಲ, ಹುಳ ಬದುಕೋದಿಲ್ಲ. ತೆಗೆಯುವಾಗ ಮೊದಲು ಕಂದೀಲು ಇಳಿಬಿಟ್ಟು ನೋಡ್ತಾರೆ, ದೀಪ ಆರಿದರೆ ಮನುಷ್ಯ ಇಳಿಯಬಾರದು ಅಂತ. ಈ ಹಗೇವಿನ ಕಾಳು ಔಷಧಿ ಇಲ್ಲದೆ ಹೇಗೆ ಕೆಡದೆ ಉಳಿಯುತ್ತೆ ಅನ್ನೋದನ್ನು ಮೇಷ್ಟ್ರು ಅಭ್ಯಾಸಕ್ಕೆ ತಗೊಂಡ. ಬಿಸಿಲಲ್ಲಿ ಬೈಕು ಓಡಿಸಿಕೊಂಡು ಆರು ಹಳ್ಳಿ ತಿರುಗಿದ. ಕಾಳು ತಂದ, ಜರಡಿ ಹಿಡಿದ, ಭೂತಗನ್ನಡಿ ಇಟ್ಟು ಒಂದೊಂದೇ ನೋಡಿದ. ಕಷ್ಟಪಟ್ಟ, ಇಲ್ಲ ಅನ್ನೋದಿಲ್ಲ.

ಐದು ಹಳ್ಳಿಗಳಲ್ಲಿ ಕಾಳು ಮೊನ್ನೆ ರಾಶಿ ಮಾಡಿದ ಹಾಗೆ ಇತ್ತು. ಆರನೇ ಹಳ್ಳಿಯಲ್ಲಿ ಒಬ್ಬ ಅಜ್ಜಿಯ ಮನೆ. ಹಗೇವಿನ ಬಾಯಿ ತೆಗೆದರೆ ಮೂಗಿಗೆ ಬಡಿಯೋ ವಾಸನೆ. ಜೋಳ ಕಪ್ಪಾಗಿ, ಮುದ್ದೆ ಕಟ್ಟಿ ಹೋಗಿತ್ತು. ಅಜ್ಜಿ ಸೆರಗು ಮೂಗಿಗೆ ಹಿಡಿದು ನಿಂತಿದ್ದಳು. ವರ್ಷದ ಕಾಳು ಅದು. ಆದರೂ ಬಂದ ಮೇಷ್ಟ್ರನ್ನು ಹಾಗೇ ಕಳಿಸದೆ ರೊಟ್ಟಿ, ಶೇಂಗಾ ಚಟ್ನಿಪುಡಿ ಬಡಿಸಿದಳು. ಮೇಷ್ಟ್ರು ಉಂಡ, ಸ್ವಲ್ಪ ಕಾಳು ಚೀಲಕ್ಕೆ ಹಾಕಿಕೊಂಡ, ಬಂದ.

ಈಗ ಅವನಿಗೆ ಬಡ್ತಿ ಬಾಕಿ ಇತ್ತು. ಬಡ್ತಿಗೆ ಇನ್ನೊಂದು ಲೇಖನ ಬೇಕು. ಲೇಖನ ಅಂದರೆ ಭಾನುವಾರದ ಪೇಪರಿನಲ್ಲಿ ಬರೋದಲ್ಲ. ಸಂಶೋಧನಾ ಪತ್ರಿಕೆಯವರು ನಿಮ್ಮ ಲೇಖನವನ್ನು ಆ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸ್ತಾರೆ, ತಪ್ಪು ಹುಡುಕಿಸ್ತಾರೆ, ಉತ್ತರ ಕೇಳ್ತಾರೆ, ಆಮೇಲೆ ಅಚ್ಚು ಹಾಕ್ತಾರೆ. ಸಂದರ್ಶನ ಹತ್ತಿರ ಬಂದಿತ್ತು. ಪಕ್ಕದ ಕೋಣೆಯಲ್ಲಿ ಅವನ ಕೈಯಲ್ಲೇ ಕಲಿತ ಹುಡುಗನೊಬ್ಬ ಮೇಷ್ಟ್ರಾಗಿ ಬಂದಿದ್ದ, ಅವನ ಲೇಖನಗಳೆಲ್ಲ ತಯಾರಾಗಿದ್ದವು. ಇವನಿಗೆ ಈ ಸಲ ತಪ್ಪಿದರೆ ಆ ಹುಡುಗ ವಿಭಾಗದ ಮುಖ್ಯಸ್ಥ. ತಾನು ಕಲಿಸಿದವನ ಮುಂದೆ ತಾನೇ ರಜೆ ಚೀಟಿ ಹಿಡಿದು ನಿಲ್ಲಬೇಕು. ಅದು ನೆನಪಾದಾಗಲೆಲ್ಲ ಮೇಷ್ಟ್ರಿಗೆ ಊಟ ಸೇರ್ತಿರಲಿಲ್ಲ.

ಬರೆಯೋಕೆ ಕೂತ. ಐದು ಹಳ್ಳಿಯ ಅಂಕಿ ಸಾಲಾಗಿ ಚಂದ ಕೂತವು. ಆರನೇದು ಮಾತ್ರ ಅನ್ನದಲ್ಲಿನ ಕಲ್ಲಿನ ಹಾಗೆ. ‘ಅಜ್ಜಿ ಹಗೇವಿನ ಬಾಯಿ ಸರಿಯಾಗಿ ಮುಚ್ಚಿಲ್ಲ, ಅದು ಹಗೇವಿನ ತಪ್ಪಲ್ಲ, ಲೆಕ್ಕಕ್ಕೆ ಬೇಡ’ ಅಂದುಕೊಂಡ. ಅಜ್ಜಿ ಮುಚ್ಚಿದ್ದನ್ನು ಇವನು ನೋಡಿದ್ದನಾ? ಇಲ್ಲ. ಕೇಳಿದ್ದನಾ? ಅದೂ ಇಲ್ಲ. ಒಂದು ಗುಂಡಿ ಒತ್ತಿದ, ಆರನೇ ಹಳ್ಳಿ ಅಳಿಸಿಹೋಯ್ತು. ಇಷ್ಟೇ ನೋಡಿ. ಪಾಪ ಮಾಡುವಾಗ ಗುಡುಗು ಮಿಂಚು ಬರುತ್ತೆ ಅಂದುಕೊಂಡಿದ್ದೀರಿ ನೀವು, ಏನೂ ಬರೋದಿಲ್ಲ.

ಇನ್ನು ಗುರುಗಳು. ನಿವೃತ್ತಿಯಾಗಿ ಅದೇ ಊರಲ್ಲಿ, ರೈಲ್ವೆ ಗೇಟಿನ ಆಚೆ ಇದ್ದರು. ಅವರದೊಂದು ಹಟ. ತಾವು ಕೆಲಸ ಮಾಡದ ಲೇಖನಕ್ಕೆ ತಮ್ಮ ಹೆಸರು ಹಾಕೋಕೆ ಬಿಡ್ತಿರಲಿಲ್ಲ. ಶಿಷ್ಯರು ಕಾಲಿಗೆ ಬಿದ್ದು ‘ನಿಮ್ಮ ಹೆಸರು ಇರಲಿ ಸರ್’ ಅಂದರೂ ಹೊಡೆದು ಹಾಕ್ತಿದ್ದರು. ಅದಕ್ಕೇ ಆ ಹೆಸರಿಗೆ ತೂಕ ಬಂದಿತ್ತು, ಸಂಪಾದಕರು ಆ ಹೆಸರು ಕಂಡರೆ ಲೇಖನವನ್ನು ಎರಡು ಕೈಯಲ್ಲಿ ತಗೊಳ್ತಿದ್ದರು. ಶಿಷ್ಯರ ಬರವಣಿಗೆ ಓದುವಾಗ ಪೆನ್ಸಿಲ್ ಹಿಡಿದು ಪ್ರತಿ ಸಾಲಿಗೂ ಒಂದೇ ಪ್ರಶ್ನೆ, ‘ಇದನ್ನ ನೀ ಕಣ್ಣಾರೆ ನೋಡೀಯೇನು?’

ಮೇಷ್ಟ್ರು ಏನು ಮಾಡಿದ? ಲೇಖನದ ಮೇಲೆ ತನ್ನ ಹೆಸರಿಗಿಂತ ಮೊದಲು ಗುರುಗಳ ಹೆಸರು ಹಾಕಿದ. ಗುರುಗಳನ್ನು ಕೇಳಿದನಾ? ಕೇಳಲಿಲ್ಲ. ಗುರುದಕ್ಷಿಣೆ ಅಂತ ತನಗೆ ತಾನೇ ಹೇಳಿಕೊಂಡ. ಅಲ್ಲಪ್ಪ, ದಕ್ಷಿಣೆ ಅನ್ನೋದು ನಮ್ಮ ಕಿಸೆಯಿಂದ ಕೊಡೋದು. ಇವನು ಗುರುಗಳದ್ದನ್ನೇ ಎತ್ತಿಕೊಂಡು ಅದಕ್ಕೆ ದಕ್ಷಿಣೆ ಅಂತ ಹೆಸರಿಟ್ಟ.

ಅಲ್ಲಿಗೂ ಮುಗೀಲಿಲ್ಲ. ಪತ್ರಿಕೆಯವರು ದಡ್ಡರಲ್ಲ. ಯಾರ್‍ಯಾರ ಹೆಸರಿದೆಯೋ ಅವರೆಲ್ಲರ ಇಮೇಲ್ ವಿಳಾಸ ಕೊಡಿ, ಅವರವರೇ ಲೇಖನ ಓದಿ ಒಪ್ಪಿಗೆ ಕೊಡಬೇಕು ಅಂತ ಕೇಳ್ತಾರೆ. ಮೇಷ್ಟ್ರು ಗುರುಗಳ ಹೆಸರಿನಲ್ಲಿ ಹೊಸದೊಂದು ವಿಳಾಸ ತಾನೇ ತೆರೆದ. ಅದಕ್ಕೆ ಪತ್ರ ಬಂತು. ತಾನೇ ತೆಗೆದ. ‘ನಾನು ಓದಿದ್ದೇನೆ, ಒಪ್ಪಿದ್ದೇನೆ’ ಅಂತ ಇದ್ದ ಜಾಗದಲ್ಲಿ ತಾನೇ ಒತ್ತಿದ. ಒತ್ತುವ ಮೊದಲು ಗುರುಗಳ ಫೋಟೋದ ಕಡೆ ತಿರುಗಿ ಕೈಮುಗಿದ. ನಗಬೇಡಿ. ಹುಂಡಿಗೆ ಹಾಕುವ ಮೊದಲು ಹರಿದ ನೋಟು ಹುಡುಕುವವರು ನೀವು, ನಗೋಕೆ ನಿಮಗೇನು ಅಧಿಕಾರ?

ಹೆಂಡತಿ ಅಲ್ಲೇ ಬಾಗಿಲಲ್ಲಿ ನಿಂತು ನೋಡ್ತಿದ್ದಳು. ‘ಸರ್ ಮನಿ ಗೇಟಿನ ಆಚೀಗೇ ಐತಿ. ಒಮ್ಮೆ ಹೋಗಿ ತೋರ್ಸಿ ಬರಬಾರದೇನ್ರಿ?’ ಅಂದಳು.

‘ವಯಸ್ಸಾದವರು, ಅವರಿಗ್ಯಾಕ ತ್ರಾಸ’ ಅಂದ ಇವನು.

ತ್ರಾಸ! ತ್ರಾಸ ಯಾರಿಗೆ? ಆ ಹಿರಿಯರಿಗೆ ಓದೋದು ಅಂದರೆ ಹಬ್ಬ. ಗೇಟು ದಾಟಿ ಹೋಗಿ ಕೊಟ್ಟಿದ್ದರೆ ಕಾಫಿ ಕುಡಿಸಿ ಓದ್ತಿದ್ದರು. ತ್ರಾಸ ಇದ್ದದ್ದು ಇವನಿಗೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಲೇಖನದ ಕೊನೆಯಲ್ಲಿ ವಂದನೆ ಅಂತ ಒಂದು ಭಾಗ ಇರುತ್ತೆ. ನಮ್ಮ ಸಭೆಗಳಲ್ಲಿ ವಂದನಾರ್ಪಣೆ ಮಾಡ್ತೀರಲ್ಲ, ಮೈಕಿನವನು, ಶಾಮಿಯಾನದವನು, ಕುಡಿಯೋ ನೀರಿನವನು, ಯಾರನ್ನೂ ಬಿಡೋದಿಲ್ಲ. ಯಾರಾದರೂ ಬಿಟ್ಟುಹೋದರೆ ವರ್ಷಗಟ್ಟಲೆ ಮುನಿಸು. ಹಾಗೆ ಮೇಷ್ಟ್ರೂ ಯಾರನ್ನೂ ಬಿಡಲಿಲ್ಲ. ಪ್ರಾಂಶುಪಾಲರು, ಗ್ರಂಥಾಲಯದವರು, ಹಗೇವು ತೆಗೆದು ತೋರಿಸಿದ ಮನೆಯವರು, ಊರು ಸಮೇತ, ಒಬ್ಬೊಬ್ಬರನ್ನೂ ನೆನೆದ. ಆರನೇ ಹಳ್ಳಿಯ ಅಜ್ಜಿಯ ಹೆಸರು ಬಂದಾಗ ಕೈ ತಡೀತು. ಆದರೆ ರೊಟ್ಟಿ ಉಂಡಿದ್ದನಲ್ಲ, ಉಂಡ ಮನೆಯ ಹೆಸರು ಬಿಡೋದು ಹೇಗೆ? ಹಾಕಿದ. ಅಜ್ಜಿಯ ಕಪ್ಪು ಕಾಳನ್ನು ಬಿಟ್ಟ, ಅಜ್ಜಿಯನ್ನು ಬಿಡಲಿಲ್ಲ. ನಮ್ಮ ಜನ ಹೀಗೇ ನೋಡಿ. ಸತ್ಯ ಬಿಟ್ಟರೆ ನಡೆಯುತ್ತೆ, ಸೌಜನ್ಯ ಬಿಟ್ಟರೆ ನಡೆಯೋದಿಲ್ಲ.

ಲೇಖನ ಹೋಯ್ತು. ಕೆಲವು ವಾರಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಗುರುಗಳ ಫೋನು ಬಂತು. ‘ಬಾ. ಬರೋ ಮುಂದ ನಮ್ಮ ಲೇಖನ ತಗೊಂಡು ಬಾ’ ಅಂದರು, ಇಟ್ಟರು. ‘ನಮ್ಮ ಲೇಖನ’ ಅಂದದ್ದು ಕೇಳಿ ಮೇಷ್ಟ್ರಿಗೆ ಹೆದರಿಕೆ ಆಗಬೇಕಿತ್ತೋ ಇಲ್ಲವೋ? ಅವನಿಗೆ ಖುಷಿಯಾಯ್ತು. ಲೇಖನ ಒಪ್ಪಿಗೆಯಾಗಿದೆ, ಸುದ್ದಿ ಹೇಗೋ ಗುರುಗಳಿಗೆ ಮುಟ್ಟಿದೆ, ಹರಸೋಕೆ ಕರೀತಿದ್ದಾರೆ ಅಂದುಕೊಂಡ. ದಾರಿಯಲ್ಲಿ ಪೇಡೆ ಕಟ್ಟಿಸಿಕೊಂಡ. ಮನುಷ್ಯನ ಬುದ್ಧಿ ಹೇಗಿರುತ್ತೆ ನೋಡಿ, ಸಿಕ್ಕಿಬಿದ್ದಾಗಲೂ ಸನ್ಮಾನ ಅಂದುಕೊಳ್ಳುತ್ತೆ.

ಗುರುಗಳು ಲೇಖನ ಇಸಿದುಕೊಂಡರು. ಪೇಡೆಯ ಡಬ್ಬಿಯನ್ನು ಪಕ್ಕಕ್ಕಿಟ್ಟರು. ಪೆನ್ಸಿಲ್ ತಗೊಂಡು ಮೊದಲ ಸಾಲಿನಿಂದ ಓದೋಕೆ ಶುರು ಮಾಡಿದರು. ಮೇಷ್ಟ್ರು ಎದುರಿಗೆ ಕೂತ. ಅಮ್ಮಾವರು ಚಹಾ ತಂದಿಟ್ಟರು, ಅದು ಆರಿತು. ಗುರುಗಳು ತಲೆ ಎತ್ತಲಿಲ್ಲ. ಒಂದೆರಡು ಕಡೆ ‘ಚಲೋ ಐತಿ’ ಅಂದರು, ಇವನಿಗೆ ಜೀವ ಬಂತು. ಕೊನೆಯ ಪುಟ ಮುಗಿಸಿ ಕನ್ನಡಕ ತೆಗೆದರು.

‘ಆರನೇ ಊರಾಗ ಏನಾತು?’ ಅಂದರು.

ಆಗಿದ್ದೇನು ಅಂದರೆ, ಲೇಖನ ಪರೀಕ್ಷಿಸಿದವರಲ್ಲಿ ಒಬ್ಬ ಪುಣ್ಯಾತ್ಮ ವಂದನೆಯನ್ನೂ ಬಿಡದೆ ಓದಿದ್ದ. ವಂದನೆಯಲ್ಲಿ ಆರು ಊರು, ಲೆಕ್ಕದಲ್ಲಿ ಐದೇ ಊರು, ಇದು ಹೇಗೆ ಅಂತ ಕೇಳಿದ್ದ. ಸಂಪಾದಕರಿಗೆ ಇದು ಸಣ್ಣ ವಿಷಯ ಅನ್ನಿಸ್ತು. ಅಷ್ಟು ದೊಡ್ಡವರ ಹೆಸರಿರುವಾಗ ಪತ್ರ ಬರೆಯೋದೇಕೆ ಅಂತ, ತಮ್ಮ ಹತ್ತಿರ ಇದ್ದ ಹಳೇ ನಂಬರಿಗೆ ನೇರ ಫೋನು ಹಚ್ಚಿ ಗುರುಗಳನ್ನೇ ಕೇಳಿಬಿಟ್ಟರು. ಗುರುಗಳಿಗೆ ಲೇಖನವೇ ಗೊತ್ತಿಲ್ಲ. ‘ನೋಡಿ ಹೇಳ್ತೀನಿ’ ಅಂದು ಫೋನ್ ಇಟ್ಟಿದ್ದರು.

ಮೇಷ್ಟ್ರು ತಡವರಿಸಿದ. ಅಲ್ಲಿ ಕಾಳು ಕೆಟ್ಟಿತ್ತು ಅಂದ. ಯಾಕೆ ಕೆಟ್ಟಿತ್ತು ಅಂತ ಗುರುಗಳು ಕೇಳಿದರು. ಇವನು ಅಜ್ಜಿಯನ್ನು ಕೇಳಿರಲೇ ಇಲ್ಲವಲ್ಲ. ನನಗೆ ಯಾಕೆ ತೋರಿಸಲಿಲ್ಲ ಅಂತ ಕೇಳಿದರು. ನಿಮಗೆ ತ್ರಾಸ ಆಗಬಾರದು ಅಂತ, ಅಂದ.

ಗುರುಗಳು ದನಿ ಏರಿಸಲಿಲ್ಲ. ‘ಸುಳ್ಳು ಹೇಳಬ್ಯಾಡ. ತೋರ್ಸಿದ್ರ ನಾ ಆರನೇ ಊರಿಂದು ಕೇಳತಿದ್ದೆ. ಅದು ನಿನಗ ಗೊತ್ತಿತ್ತು. ನಿನಗ ನನ್ನ ಹೆಸರು ಬೇಕಾಗಿತ್ತು, ನನ್ನ ಕಣ್ಣು ಬ್ಯಾಡಾಗಿತ್ತು.’

ಮೇಷ್ಟ್ರು ಕಾಲು ಹಿಡಿದ. ಸಂದರ್ಶನ ಬರೋ ತಿಂಗಳು ಇದೆ, ನೀವು ಸಂಪಾದಕರಿಗೆ ಒಂದೇ ಮಾತು ಹೇಳಿ, ಆ ಊರಿನ ಕಾಳು ಪರೀಕ್ಷೆಗೆ ಯೋಗ್ಯ ಇರಲಿಲ್ಲ ಅಂತ, ನನ್ನ ಜೀವನ ಉಳಿಯುತ್ತೆ ಅಂದ. ಅತ್ತ. ಅದು ನಿಜವಾದ ಅಳುವೇ. ಗುರುಗಳ ಕಣ್ಣಲ್ಲೂ ನೀರಿತ್ತು, ಮಗನ ಹಾಗೆ ನೋಡಿಕೊಂಡಿದ್ದ ಶಿಷ್ಯ. ಒಂದು ಮಾತು ಹೇಳಿದ್ದರೆ ಮುಗೀತಿತ್ತು. ಹೇಳಿದರಾ?

ಫೋನು ಹಚ್ಚಿ ಅವನ ಕೈಗೆ ಕೊಟ್ಟರು. ‘ನೀನ ಹೇಳು’ ಅಂದರು.

ಹೇಳಿದ. ಗುರುಗಳನ್ನು ಕೇಳದೆ ಹೆಸರು ಹಾಕಿದೆ ಅಂದ. ಆ ವಿಳಾಸ ನಾನೇ ತೆರೆದದ್ದು, ಒಪ್ಪಿಗೆ ನಾನೇ ಒತ್ತಿದ್ದು ಅಂದ. ಆರನೇ ಊರಿನ ಕಾಳು ಕೆಟ್ಟಿತ್ತು, ಬರೆಯಲಿಲ್ಲ ಅಂದ. ಹೇಳಿ ಫೋನು ಕೆಳಗಿಟ್ಟ. ಏಳುವಾಗ ಗುರುಗಳು ಪೇಡೆಯ ಡಬ್ಬಿಯನ್ನು ಹಾಗೇ ವಾಪಸ್ ಅವನ ಕೈಗಿಟ್ಟರು. ‘ಇದು ಆಮ್ಯಾಲ’ ಅಂದರು.

ಲೇಖನ ಹೋಯ್ತು. ಇನ್ನು ಕೆಲವು ವರ್ಷ ನಿಮ್ಮಿಂದ ಏನೂ ತಗೊಳ್ಳೋದಿಲ್ಲ ಅಂತ ಪತ್ರಿಕೆಯವರು ತಿಳಿಸಿದರು, ಕಾಲೇಜಿಗೂ ಬರೆದರು. ಬಡ್ತಿ ಆ ಹುಡುಗನಿಗಾಯ್ತು. ಮೇಷ್ಟ್ರು ರಜೆ ಚೀಟಿ ಹಿಡಿದು ಅವನ ಮುಂದೆ ನಿಂತ. ಹುಡುಗ ಒಳ್ಳೆಯವನು, ಎದ್ದು ನಿಂತು ಸಹಿ ಮಾಡ್ತಿದ್ದ, ಅದು ಇವನಿಗೆ ಇನ್ನೂ ಚುಚ್ಚುತ್ತಿತ್ತು. ರೈಲ್ವೆ ಗೇಟಿನ ದಾರಿ ಬಿಟ್ಟು ಊರು ಸುತ್ತಿ ಮನೆಗೆ ಹೋಗ್ತಿದ್ದ.

ಕೊನೆಗೊಂದು ದಿನ, ಸಿಟ್ಟಿಗೋ ನಾಚಿಕೆಗೋ, ಆರನೇ ಹಳ್ಳಿಗೆ ಹೋದ. ಅಜ್ಜಿಯನ್ನು ಕೇಳಿದ, ಯಾಕೆ ಕೆಟ್ಟಿತು ಅಂತ. ಊರ ಹಿಂದೆ ಕಾಲುವೆ ಬಂದಾಗಿನಿಂದ ನೆಲದೊಳಗೆ ನೀರು ಏಳ್ತದೆ, ಹಗೇವಿನ ತಳ ಜಿನುಗ್ತದೆ, ಇಡೀ ಓಣಿಯವರದ್ದೂ ಹಾಗೇ ಆಗಿದೆ ಅಂದಳು. ಮೊದಲ ಸಲವೇ ಯಾಕೆ ಕೇಳಲಿಲ್ಲ ಅಂತ ಬೈದಳು. ಕಾಲುವೆಗೆ ನೀರು ಬಂದ ಊರಲ್ಲಿ ಹಗೇವು ಸಾಯುತ್ತೆ! ಅವನು ಅಳಿಸಿ ಹಾಕಿದ್ದರಲ್ಲೇ ನಿಜವಾದ ವಿಷಯ ಇತ್ತು. ಅವನ ಲೇಖನ ನಂಬಿ ಯಾರಾದರೂ ಕಾಲುವೆ ದಂಡೆಯಲ್ಲಿ ಹಗೇವು ತೋಡಿ ವರ್ಷದ ಕಾಳು ಸುರಿದಿದ್ದರೆ? ಗುರುಗಳ ಹೆಸರು ನೋಡಿಯೇ ಸುರೀತಿದ್ದರು.

ಕಾಲುವೆ ಬಂದ ಊರುಗಳನ್ನೆಲ್ಲ ತಿರುಗಿ ಮತ್ತೆ ಬರೆದ. ಈ ಸಲ ಗೇಟು ದಾಟಿದ. ಗುರುಗಳು ಓದಿದರು, ಪೆನ್ಸಿಲ್ ಆಡಿಸಿದರು, ಅವನನ್ನು ಮತ್ತೆ ಮತ್ತೆ ಓಡಾಡಿಸಿದರು. ಎಲ್ಲ ಮುಗಿದ ಮೇಲೆ ಮೇಷ್ಟ್ರು ಹೆದರುತ್ತಾ, ಈಗ ನಿಮ್ಮ ಹೆಸರು ಹಾಕಬಹುದೇ ಅಂತ ಕೇಳಿದ.

‘ನಾ ಏನು ಮಾಡೀನಿ? ಓದೀನಿ, ಅಷ್ಟ. ಓದಿದವರ ಜಾಗ ಕೊನೀಗೆ, ವಂದನಾದಾಗ. ಆ ಅಜ್ಜಿ ಬಾಜೂಕ ಹಾಕು’ ಅಂದರು. ಆಮೇಲೆ, ‘ಪೇಡೆ ತಂದೀಯೇನು?’ ಅಂತ ಕೇಳಿದರು.

ತಂದಿರಲಿಲ್ಲ. ಡಬ್ಬಿ ವಾಪಸ್ ಬಂದ ದಿನದಿಂದ ಅವನಿಗೆ ಪೇಡೆ ಅಂಗಡಿ ಮುಂದೆ ಹಾಯೋಕೂ ಹೆದರಿಕೆ.

‘ಬಡ್ತಿ ಕೊನೆಗೆ ಸಿಕ್ಕಿತಾ ಬುದ್ಧೀ?’ ಯಾರೋ ಅಲ್ಲಿಂದ ಕೇಳಿದರು. ನೋಡಿ, ಇದನ್ನೇ ಕೇಳ್ತೀರಿ. ಇಷ್ಟೊತ್ತು ನಾನು ಗಂಟಲು ಹರಿದುಕೊಂಡದ್ದು ಬಡ್ತಿಯ ವಿಷಯಕ್ಕಾ? ಏನಪ್ಪಾ ನಿಮ್ಮ ಜೊತೆ ಮಾಡೋದು!

ಮುಂದಿನ ಸಾಲಿನವರೇ, ಕೇಳಿ. ಯಾರ ಹೆಸರು ಹಾಕ್ತೀರೋ ಅವರ ಕೈಗೆ ಮೊದಲು ಲೇಖನ ಕೊಡಿ, ಅವರು ಕೊನೇ ಸಾಲು ಓದೋ ತನಕ ಎದುರಿಗೆ ಕೂತಿರಿ. ದುಡಿದವರ ಹೆಸರು ಬಿಡಬೇಡಿ, ದುಡಿಯದವರ ಹೆಸರು ಹಾಕಬೇಡಿ, ಅವರು ಮುಖ್ಯಸ್ಥರಾದರೂ ಸರಿ, ಭಾವಮೈದುನನಾದರೂ ಸರಿ. ಬೇರೆಯವರ ಒಪ್ಪಿಗೆಯನ್ನು ನೀವು ಒತ್ತಬೇಡಿ. ನಿಮ್ಮ ಮಾತಿಗೆ ಅಡ್ಡ ಬರೋ ಕಾಳನ್ನು ಚೆಲ್ಲಬೇಡಿ, ಯಾಕೆ ಕಪ್ಪಾಯ್ತು ಅಂತ ಕೇಳಿ. ಒಂದೇ ಲೇಖನವನ್ನು ಮೂರು ಪತ್ರಿಕೆಗೆ ಒಟ್ಟಿಗೆ ಕಳಿಸೋರೂ ಇದ್ದೀರಂತೆ, ಒಬ್ಬಳೇ ಮಗಳನ್ನು ತೋರಿಸಿ ಮೂರು ಮನೆಯಲ್ಲಿ ವೀಳ್ಯ ತಗೊಳ್ಳೋರು. ಕುಂಬಳಕಾಯಿ ಕಳ್ಳ ಅಂದ ಕೂಡಲೇ ಎಷ್ಟು ಜನ ಹೆಗಲು ಮುಟ್ಟಿಕೊಂಡಿರಿ, ಇಲ್ಲಿಂದ ಎಲ್ಲಾ ಕಾಣುತ್ತೆ ನನಗೆ.

ಹಿಂದಿನ ಸಾಲಿನವರು ನಗಬೇಡಿ, ಈಗ ನಿಮ್ಮ ಸರದಿ. ನಿಮ್ಮ ಲಾರಿ ಮೇಲೆ ದೇವರ ಹೆಸರು, ಒಳಗೆ ಹೊರಬೇಕಾದ್ದಕ್ಕಿಂತ ದುಪ್ಪಟ್ಟು ಭಾರ. ಅಂಗಡಿಗೆ ದೇವರ ಹೆಸರು, ದೇವರು ತಕ್ಕಡಿ ಹತ್ತಿರ ಬಂದು ನಿಂತರೆ ಬೆವರು. ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಮೊದಲು, ದೊಡ್ಡಪ್ಪನ ಜೊತೆ ಮಾತು ಬಿಟ್ಟು ಎಷ್ಟು ವರ್ಷವಾಯ್ತು? ಎಲ್ಲರಿಗೂ ಹೆಸರು ಬೇಕು, ಕಣ್ಣು ಬೇಡ. ಹೆಸರು ಮಾತಾಡೋದಿಲ್ಲ, ಕಣ್ಣು ಪ್ರಶ್ನೆ ಕೇಳುತ್ತೆ, ಅದಕ್ಕೆ. ನಾಳೆಯಿಂದ ಒಂದು ಕೆಲಸ ಮಾಡಿ. ಯಾರ ಹೆಸರು ಎಲ್ಲಿ ಹಾಕಬೇಕಾದರೂ, ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ತೋರಿಸೋಕೆ ಕಾಲು ಏಳದಿದ್ದರೆ ಹೆಸರು ತೆಗೆದುಬಿಡಿ. ತಪ್ಪು ಅಲ್ಲೇ ಇದೆ ಅಂತ ನಿಮಗೇ ಗೊತ್ತಿದೆ.

ಈಗ ಚನ್ನವೀರಪ್ಪನವರೇ, ಕಂಬ ಬಿಟ್ಟು ಈಚೆ ಬನ್ನಿ. ಗುರುವಾರ ನಿಮ್ಮ ಟೈಲ್ಸ್ ಅಂಗಡಿಯ ಪ್ರಾರಂಭೋತ್ಸವದಲ್ಲಿ ನಾನು ದಿವ್ಯ ಸಾನ್ನಿಧ್ಯ ವಹಿಸ್ತೀನಂತೆ. ಊರಿಗೆಲ್ಲ ಕಾರ್ಡು ಹಂಚಿದ್ದೀರಿ. ನನಗೆ ಇವತ್ತು ಬೆಳಿಗ್ಗೆ ಹಾಲಿನವನು ಹೇಳಿದ. ಪರವಾಗಿಲ್ಲ, ಹಾಕಿದ್ದಾಗಿದೆ. ಬರ್ತೀನಿ. ಹಾರ ಬೇಡ, ಕುರ್ಚಿ ಬೇಡ. ಮೊದಲ ದರ್ಜೆ ಅಂತ ಬರೆದಿರೋ ಡಬ್ಬಿಗಳನ್ನು ಒಂದೊಂದಾಗಿ ಒಡೆದು ತೋರಿಸಿ, ಒಳಗೆ ಎರಡನೇ ದರ್ಜೆಯದು ಇದೆಯಾ ಅಂತ ಕೂತು ನೋಡ್ತೀನಿ. ಹೆಸರು ಕರೆದಿದ್ದೀರಲ್ಲ, ಕಣ್ಣೂ ಜೊತೆಗೇ ಬರುತ್ತೆ.